ಗಂಗೆಯ ಮುಂದೆ ತುಪ್ಪ ಬಿಡಿಸುವ ಸಾಹಸ

ನಮ್ಮ ಮನೆಯವರಿಗೆ ಜನರ ಮುಖ ನೆನಪಿರುವುದಿಲ್ಲ, ಹೊಟ್ಟೆ ನೆನಪಿರುತ್ತದೆ. ‘ಮೊನ್ನೆ ಬಂದಿದ್ದರಲ್ಲ, ಸೊಂಟದ ಮೇಲೆ ಎರಡು ಮಡಿಕೆ’ ಎಂದರೆ ಅದು ನನ್ನ ಸ್ವಂತ ಸೋದರಮಾವ! ತಿಂದ ಕೊಬ್ಬು ಮನುಷ್ಯನ ದೇಹದಲ್ಲಿ ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಎಂದು ಹುಡುಕುವುದೇ ಅವರ ಸಂಶೋಧನೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ದಾವಣಗೆರೆ ಬಿಟ್ಟು ಬನಾರಸಿನಲ್ಲಿ ಕೆಲಸ ಹಿಡಿದರು. ಕೊಬ್ಬು ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿದೆ? ಬೆಳಗಾದರೆ ಕಚೋರಿ, ಜಿಲೇಬಿ, ಸಂಜೆಗೆ ರಬ್ಡಿ.

ಕೂತಲ್ಲಿ ಕೂರುವ ಆಸಾಮಿಯಲ್ಲ. ಖಾಲಿ ಹೊಟ್ಟೆಗೆ ಬೆಣ್ಣೆ ತಿಂದು ಗಂಟೆಗೊಮ್ಮೆ ರಕ್ತ ಕೊಡುವ ಜನ ಬೇಕಿತ್ತು. ಯಾರೂ ಸಿಗದಿದ್ದಾಗ ತಾವೇ ಬೆಣ್ಣೆ ತಿಂದರು, ತೋಳು ಚುಚ್ಚಿಸಿಕೊಂಡರು. ನಡುವಿನ ಬಿಡುವಿನಲ್ಲಿ ಸೈಕಲ್ ತುಳಿದು ಮನೆಗೆ ಬಂದು, ‘ರಕ್ತದ ತಿಳಿ ಹಾಲಿನ ಹಾಗೆ ಬೆಳ್ಳಗಾಗ್ತಿದೆ ಕಣೇ’ ಎಂದು ಹೇಳಿ ಹೋದರು. ಯಾವ ಹೆಂಡತಿಗೆ ಇಂಥ ಸಿಹಿಸುದ್ದಿ ಸಿಕ್ಕಿದೆ? ಅಸ್ಸಿ ಘಾಟಿನಲ್ಲಿ ಕಚೋರಿ ತಿನ್ನುತ್ತಿದ್ದವರ ಸೊಂಟಕ್ಕೆ ಟೇಪು ಹಿಡಿದಾಗ ಅಂಗಡಿಯವನು ಕೈಮುಗಿದ: ‘ಡಾಕ್ಟರ್ ಸಾಹಬ್, ಮುಫ್ತ್ ಮೇ ಲೇ ಜಾಯಿಯೇ, ಬಸ್ ಜಾಯಿಯೇ.’ ಪುಕ್ಕಟೆ ಒಯ್ಯಿರಿ, ಆದರೆ ಹೊರಡಿ ಎಂದು. ಒಯ್ದರು, ಪ್ರಯೋಗಾಲಯಕ್ಕೆ.

ಇಂಥವರನ್ನು ಸೋಲಿಸಿದವರು ಅವರ ತಾಯಿ, ನನ್ನ ಅತ್ತೆ. ಕಾಶಿಯಾತ್ರೆಗೆಂದು ಬಂದ ಮರುದಿನವೇ ಇವರು ಅತ್ತೆಯ ರಕ್ತ ತೆಗೆದರು. ವರದಿಯಲ್ಲಿ ಮಿತಿಮೀರಿದ ಕೊಬ್ಬು ನೋಡಿದ ಮೇಲೆ ಮನೆಯಲ್ಲಿ ತಮಾಷೆ ನಿಂತಿತು. ಅತ್ತೆಗೆ ಒಮ್ಮೆ ಎದೆನೋವು ಬಂದುಹೋಗಿತ್ತು. ಆದರೂ ತುಪ್ಪವಿಲ್ಲದ ಊಟ ಅವರಿಗೆ ಊಟವೇ ಅಲ್ಲ. ಹೃದಯದ ಚಿತ್ರ ಬರೆದು ವಿವರಿಸಿದರೆ, ‘ನಿನ್ನನ್ನ ಹೆತ್ತಿದ್ದೂ ತುಪ್ಪ ತಿಂದೇ ಕಣೋ’ ಎಂದರು.

ಅಡುಗೆಮನೆಗೂ ಪಡಸಾಲೆಗೂ ತಿರುಗಾಡಿ ತಿರುಗಾಡಿ ಇವರಿಗೊಂದು ಉಪಾಯ ಹೊಳೆಯಿತು. ಕಾಶಿಗೆ ಬಂದವರು ತಮಗಿಷ್ಟದ ತಿನಿಸೊಂದನ್ನು ಇನ್ನು ಮುಟ್ಟುವುದಿಲ್ಲವೆಂದು ಗಂಗೆಯ ಮುಂದೆ ಬಿಟ್ಟುಹೋಗುವುದುಂಟಲ್ಲ? ದೇವರಿಗೆ ಕೈ ಮುಗಿಯದ ಮನುಷ್ಯ ಜಂಗಮವಾಡಿ ಮಠಕ್ಕೆ ಓಡಿ, ಪರಿಚಯದ ಅಯ್ಯನವರೊಬ್ಬರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬಂದರು.

ಘಾಟಿನಲ್ಲಿ ಅತ್ತೆ ಮೊಣಕಾಲುದ್ದ ನೀರಿನಲ್ಲಿ ನಿಂತರು. ‘ಏನು ಬಿಡ್ತೀರಿ ತಾಯಿ?’ ಎಂದರು ಅಯ್ಯನವರು. ಇವರು ಮೆಟ್ಟಿಲ ಮೇಲೆ ಕಾಲು ಬದಲಿಸುತ್ತಲೇ ಇದ್ದರು.

‘ಹಾಗಲಕಾಯಿ’ ಎಂದರು ಅತ್ತೆ.

‘ಅವ್ವಾ, ನೀನು ಹಾಗಲಕಾಯಿ ತಿಂದಿದ್ದನ್ನೇ ನಾನು ನೋಡಿಲ್ಲ.’

‘ಇನ್ನು ಮೇಲೂ ನೋಡಲ್ಲ ಬಿಡು.’

ಅಯ್ಯನವರು ಕೆಮ್ಮಿದಂತೆ ಮಾಡಿ ನಕ್ಕರು. ನಾನೂ ನಕ್ಕೆ. ಇವರು ನಗಲಿಲ್ಲ. ಪ್ಯಾಂಟು ಮಡಿಸದೆ ನೀರಿಗಿಳಿದು, ‘ಅಯ್ಯನವರೇ, ನಾನು ತುಪ್ಪ ಬಿಟ್ಟೆ’ ಎಂದರು.

‘ನೀನ್ಯಾಕೋ? ಮೊದಲೇ ಕಡ್ಡಿ ಆಗಿದ್ದೀಯ.’

‘ಇಷ್ಟು ವರ್ಷ ಓದಿದ್ರೂ ನಿನಗೆ ಒಂದು ಮಾತು ಅರ್ಥ ಮಾಡಿಸೋಕೆ ಆಗ್ಲಿಲ್ಲ ಅವ್ವಾ. ನನ್ನ ಕೈಲಿ ಇನ್ನೇನಿದೆ?’

ಅತ್ತೆ ಸೆರಗು ಹಿಂಡಿಕೊಂಡರು.

ಮಧ್ಯಾಹ್ನ ಅತ್ತೆ ತಾವೇ ಬಡಿಸುತ್ತೇನೆಂದು ಹಟ ಹಿಡಿದರು. ಬಿಸಿ ಅನ್ನ, ಬೇಳೆ ಸಾರು. ತುಪ್ಪದ ಮಿಳ್ಳೆ ಮಗನ ತಟ್ಟೆಯವರೆಗೆ ಬಂದು ನಿಂತಿತು. ನನಗೆ ಧಾರಾಳವಾಗಿ ಬಡಿಸಿದರು. ಆಮೇಲೆ ತಮ್ಮ ತಟ್ಟೆಯ ಮುಂದೆ ಕೂತು, ಮಿಳ್ಳೆಯನ್ನು ನನ್ನ ಕಡೆ ಸರಿಸಿ, ‘ಒಳಗಿಟ್ಟು ಬಾರೇ, ನೊಣ ಬೀಳುತ್ತೆ’ ಎಂದರು.

ನಾನು ಇಟ್ಟು ಬರುವಷ್ಟರಲ್ಲಿ ಅತ್ತೆ ಬರೀ ಸಾರು ಕಲಸಿದ ಅನ್ನವನ್ನು ನಿಧಾನವಾಗಿ ನುಂಗುತ್ತಿದ್ದರು. ಇವರು ತಲೆ ತಗ್ಗಿಸಿ, ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದರು.