ವಿರುಪಾಕ್ಷನ ತಲೆಯಲ್ಲಿ ಮಾಸ್ ಇಲ್ಲ

ಶನಿವಾರ ಬೆಳಗ್ಗೆ ವಿರುಪಾಕ್ಷ ಎರಡನೇ ಚಹಾ ಕುಡಿಯುತ್ತಿದ್ದಾಗ, ಅವನ ಮೆದುಳಿನ ಬಗ್ಗೆ ಆಸ್ಟ್ರೇಲಿಯಾ ದೇಶದ ಅಭಿಪ್ರಾಯ ಫೋನಿಗೆ ಬಂದಿತು. ಸ್ಕ್ಯಾನ್ ರಿಪೋರ್ಟಿನ ಮೊದಲ ಸಾಲೇ ಹೀಗಿತ್ತು: ‘ದಿ ಬ್ರೈನ್ ಈಸ್ ಅನ್‌ರಿಮಾರ್ಕಬಲ್.’

ವಿರುಪಾಕ್ಷ ವಿಮಾ ಕಂಪನಿಯೊಂದರಲ್ಲಿ ಟೀಮ್ ಲೀಡ್. ವರ್ಷಕ್ಕೊಮ್ಮೆ ಕೈಕೆಳಗಿನವರ ಕೆಲಸದ ಮೇಲೆ ಷರಾ ಬರೆಯುವುದು ಅವನ ಪಾಲಿನ ಹಬ್ಬ. ಅವನಿಂದ ಅನ್‌ರಿಮಾರ್ಕಬಲ್ ಅನ್ನಿಸಿಕೊಂಡ ಒಬ್ಬ ಈಗ ಟ್ಯಾಕ್ಸಿ ಓಡಿಸುತ್ತಿದ್ದಾನೆ. ಆ ಪದ ಎಂಥ ಏಟು ಕೊಡುತ್ತದೆ ಎಂಬುದು ವಿರುಪಾಕ್ಷನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ನನ್ನ ತಲಿಯೊಳಗ ಹೇಳ್ಕೊಳ್ಳುವಂಥಾದ್ದು ಏನೂ ಇಲ್ಲಂತ,” ಎಂದ ಹೆಂಡತಿಗೆ. “ಧಾರವಾಡದಾಗ ರ‍್ಯಾಂಕ್ ಬಂದ ತಲಿ ಇದು.”

ಮಹಾಶ್ವೇತಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. “ಅದನ್ನ ತಿಳ್ಕೊಳ್ಳಾಕ ಅಷ್ಟು ದೊಡ್ಡ ಮಷೀನ್ ಬೇಕಾಗಿತ್ತೇನ್ರೀ?”

ಉಳಿದ ಸಾಲುಗಳಲ್ಲೂ ಮರ್ಯಾದೆಯಿರಲಿಲ್ಲ. ಒಂದು ಕಡೆ ‘ನೋ ಮಾಸ್ ಎಫೆಕ್ಟ್’ ಎಂದಿತ್ತು. ಕೊನೆಯಲ್ಲಿ, ಹೋಗುವಾಗ ಒದ್ದು ಹೋದಂತೆ, ‘ಪಾರ್ಷಿಯಲಿ ಎಂಪ್ಟಿ ಸೆಲ್ಲಾ’ ಎಂದಿತ್ತು. ಸೆಲ್ಲಾ ಎಂದರೇನೋ ವಿರುಪಾಕ್ಷನಿಗೆ ಗೊತ್ತಿರಲಿಲ್ಲ. ಎಂಪ್ಟಿ ಎಂದರೆ ಗೊತ್ತಿತ್ತು.

ಬೇರೆ ದಿನವಾಗಿದ್ದರೆ ಈ ಅವಮಾನವನ್ನು ನುಂಗಿಕೊಳ್ಳಬಹುದಿತ್ತು. ಅವತ್ತು ಸಂಜೆ ಸಿಡ್ನಿಯ ಪಲ್ಲವಿ ಕನ್ನಡ ಬಳಗದ ಹರಟೆ ತಂಡಕ್ಕೆ ಕ್ಯಾಪ್ಟನ್ ಆಯ್ಕೆ. ಮುಂದಿನ ತಿಂಗಳು ಮೆಲ್ಬರ್ನಿನವರ ಮೇಲೆ, ಮೆಲ್ಬರ್ನಿನಲ್ಲೇ ಹರಟೆ. ವಿಷಯ ‘ಮಾತು ಮೇಲೋ, ಮೌನ ಮೇಲೋ’. ಚೀಟಿ ಎತ್ತಿದಾಗ ಸಿಡ್ನಿಗೆ ಬಂದದ್ದು ಮೌನದ ಪಕ್ಷ. ಹೋದ ಭಾನುವಾರದ ತಾಲೀಮಿನಲ್ಲಿ ವಿರುಪಾಕ್ಷ ಮೌನದ ಹಿರಿಮೆಯ ಬಗ್ಗೆ ಉಸಿರು ಬಿಡದೆ ಮಾತಾಡಿ, ಮುಕ್ಕಾಲು ಗಂಟೆಯ ಹೊತ್ತಿಗೆ ತಲೆ ತಿರುಗಿ ಹಾರ್ಮೋನಿಯಂ ಮೇಲೆ ಕುಸಿದಿದ್ದ. ಹಾರ್ಮೋನಿಯಂ ಗ್ಯಾಂ ಎಂದಿತು. ಅವತ್ತು ಅವನ ಭಾಷಣಕ್ಕೆ ಸಿಕ್ಕ ಪ್ರತಿಕ್ರಿಯೆ ಅದೊಂದೇ.

“ಮೆಲ್ಬರ್ನ್ ಸ್ಟೇಜ್ ಮ್ಯಾಲೆ ಬಿದ್ದಿ ಅಂದ್ರ ಜವಾಬ್ದಾರಿ ಯಾರ್ದು?” ಎಂದಿದ್ದರು ಬಳಗದ ಅಧ್ಯಕ್ಷ ಚನ್ನಬಸಯ್ಯ. “ಸ್ಕ್ಯಾನ್ ಮಾಡಿಸ್ಕೊಂಡು ಬಾ. ತಲಿ ಚಲೋ ಇದ್ರ ನೀನ ಕ್ಯಾಪ್ಟನ್. ಇಲ್ಲಂದ್ರ ಬದರಿನಾಥ.”

ಬದರಿನಾಥ ಬೆಂಗಳೂರಿನವನು. ವೆಸ್ಟ್‌ಮೀಡ್‌ನಲ್ಲಿ ವಿರುಪಾಕ್ಷನ ಮೇಲಿನ ಫ್ಲಾಟಿನಲ್ಲೇ ಅವನ ವಾಸ. ರೈಲು ಬರುವುದನ್ನು ಸಾರುವ ಧ್ವನಿಯಂಥ ಧ್ವನಿ; ಅವನು ಉಪ್ಪು ಕೇಳಿದರೂ ಜನ ಬ್ಯಾಗು ಎತ್ತಿಕೊಳ್ಳುತ್ತಿದ್ದರು.

“ಪಲ್ಲವಿಗೆ ಕಳಿಸ್ರಿ. ಆಕಿ ಡಾಕ್ಟರ್, ಆಕಿಗೆ ತಿಳೀತೈತಿ,” ಎಂದಳು ಮಹಾಶ್ವೇತಾ. ಪಲ್ಲವಿ ಅವಳ ತಂಗಿ. ಇರುವುದು ಮೆಲ್ಬರ್ನಿನ ವೆರಿಬೀಯಲ್ಲಿ.

ಸಿಟ್ಟಿನಲ್ಲಿ ವಿರುಪಾಕ್ಷ ‘ಪಲ್ಲ’ ಎಂದು ಒತ್ತಿದ, ಮೊದಲು ಕಂಡ ಹೆಸರಿಗೆ ರಿಪೋರ್ಟ್ ಕಳಿಸಿದ. ಮೊದಲು ಕಂಡದ್ದು ನಾದಿನಿಯ ಹೆಸರಲ್ಲ, ಪಲ್ಲವಿ ಬಳಗದ ವಾಟ್ಸಾಪ್ ಗುಂಪು. ತಿಳಿದ ಕೂಡಲೇ ಅಳಿಸಿದ. ಗಾಬರಿಯಲ್ಲಿ ಒತ್ತಿದ್ದು ‘ಡಿಲೀಟ್ ಫಾರ್ ಮಿ’. ಹೀಗಾಗಿ ಇಡೀ ಸಿಡ್ನಿಯ ಕನ್ನಡಿಗರಲ್ಲಿ ಆ ಸಂದೇಶ ಕಾಣದೆ ಹೋದದ್ದು ಅವನೊಬ್ಬನಿಗೇ.

ಅನುಕಂಪ ಶುರುವಾಯಿತು. ಕೈಮುಗಿಯುವ ಚಿತ್ರಗಳು ಬಂದವು. ಯಾರೋ ಬ್ರಾಹ್ಮಿ ಎಲೆಯ ಫೋಟೊ ಹಾಕಿದರು. ಬದರಿನಾಥ ಧ್ವನಿಸಂದೇಶವನ್ನೇ ಕಳಿಸಿದ: “ವಿರುಪಾಕ್ಷ ಅವ್ರೇ, ಟೇಕ್ ಕೇರ್. ನಾನ್ ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮೆಲ್ಬರ್ನ್ ಆಡಿಯನ್ಸ್‌ಗೆ ಸ್ವಲ್ಪ ಮಾಸ್ ಬೇಕೇ ಬೇಕು. ನಿಮ್ಮಲ್ಲಿ ಮಾಸ್ ಎಫೆಕ್ಟ್ ಇಲ್ಲ ಅಂತ ನಾವ್ ಯಾರೂ ಅನ್ಲಿಲ್ಲ, ಮಷೀನೇ ಅಂದಿದೆ.”

“ನಾ ಏನು ಸಿನಿಮಾ ಹೀರೊ ಏನು?” ಎಂದು ವಿರುಪಾಕ್ಷ ಗೋಡೆಗೆ ಕೇಳುತ್ತಿದ್ದಾಗ ಬಾಗಿಲು ಬಡಿಯಿತು. ಬದರಿನಾಥನ ಹೆಂಡತಿ ಜಯಾ, ಫ್ಲಾಸ್ಕಿನಲ್ಲಿ ಕಷಾಯ ಹಿಡಿದು ನಿಂತಿದ್ದಳು.

“ಪೂರ್ತಿ ಎಂಪ್ಟಿ ಅಂದಿಲ್ವಲ್ಲ, ಅದಕ್ಕೆ ಖುಷಿಪಡಿ,” ಎಂದಳು. ಆಮೇಲೆ ಮಹಾಶ್ವೇತಾಳ ಕಡೆ ತಿರುಗಿ ದನಿ ತಗ್ಗಿಸಿದಳು. “ಮನೇಲಿ ಏನಾದ್ರೂ ಡಿಫರೆನ್ಸ್ ಗೊತ್ತಾಗ್ತಿತ್ತಾ?”

“ಇಲ್ಲಬಿಡ್ರಿ,” ಎಂದಳು ಮಹಾಶ್ವೇತಾ ಪ್ರಾಮಾಣಿಕವಾಗಿ. “ಮದ್ವಿ ಆದಾಗಿಂದ ಹಿಂಗ ಅದಾರ.”

ವಿರುಪಾಕ್ಷ ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿದ. ಎತ್ತಿಕೊಂಡ ಹೆಂಗಸು, ‘ಅದು ಒಳ್ಳೇ ಸುದ್ದಿ, ಡಾರ್ಲಿಂಗ್’ ಎಂದು ನಕ್ಕು ಇಟ್ಟುಬಿಟ್ಟಳು. ಗಾಯಕ್ಕೆ ಉಪ್ಪು ಸವರಿದಂತಾಯಿತು. ಸಂಜೆಯ ಸಭೆಗೆ ಸಿಹಿ ತರುವ ಪಾಳಿ ಅವನದೇ ಆಗಿದ್ದರಿಂದ ಹ್ಯಾರಿಸ್ ಪಾರ್ಕಿಗೆ ರೈಲು ಹತ್ತಿದ. ಕೂತವನೇ ದೂರು ಬರೆದ. ಯಾವ ಆಧಾರದ ಮೇಲೆ ಹೀಗೆ ಬರೆದಿರಿ? ಯಾರ ಮೆದುಳಿಗೆ ಹೋಲಿಸಿ ಬರೆದಿರಿ? ಹಿರಿಯ ವೈದ್ಯರಿಂದ ಮರುಪರಿಶೀಲನೆ ಆಗಬೇಕು. ಅಲ್ಲಿಯವರೆಗೆ ‘ಅನ್‌ರಿಮಾರ್ಕಬಲ್’ ಎಂಬ ಪದವನ್ನು ಹಿಂತೆಗೆದುಕೊಳ್ಳಬೇಕು. ಬರೆದದ್ದು ಅವನಿಗೇ ಎಷ್ಟು ಹಿಡಿಸಿತೆಂದರೆ, ಕಳಿಸಿದ ಮೇಲೂ ಇನ್ನೊಮ್ಮೆ ಓದಿಕೊಂಡ.

ಸಿಹಿಯಂಗಡಿಯ ಸಾಲಿನಲ್ಲಿ ಚನ್ನಬಸಯ್ಯ ನಿಂತಿದ್ದರು.

“ಏ ತಮ್ಮಾ, ತಲಿ ಅರ್ಧ ಖಾಲಿ ಐತಂತಲ್ಲೋ,” ಎಂದರು. ಅವರ ಪ್ರೀತಿಗೆ ಮೆಲುದನಿ ಗೊತ್ತಿರಲಿಲ್ಲ.

“ಅಯ್ಯನವರ, ಅದು ತಲಿ ಅಲ್ಲ. ಸೆಲ್ಲಾ.”

“ಎಲ್ಲಾದ್ರೂ ಇರ್ಲಿ, ಖಾಲಿ ಐತಿ ಹೌದಲ್ಲೋ?”

ಅಂಗಡಿಯವನು ಏನಾಯಿತೆಂದು ಹಿಂದಿಯಲ್ಲಿ ಕೇಳಿದ. ಚನ್ನಬಸಯ್ಯ ತಮ್ಮ ಹುಬ್ಬಳ್ಳಿ ಹಿಂದಿಯಲ್ಲಿ ವಿವರಿಸಿದರು. ಸಾಲಿನಲ್ಲಿದ್ದವರೆಲ್ಲ ವಿರುಪಾಕ್ಷನ ಹಣೆ ನೋಡಿದರು. ಅಂಗಡಿಯವನು ತೂಕವಾದ ಮೇಲೂ ಎರಡು ಬಾದಾಮ್ ಬರ್ಫಿ ಡಬ್ಬಕ್ಕೆ ಹಾಕಿದ. “ದಿಮಾಗ್ ಕೆ ಲಿಯೇ, ಭಾಯ್,” ಎಂದ.

ಸಂಜೆ ಚನ್ನಬಸಯ್ಯನವರ ಗ್ಯಾರೇಜಿನಲ್ಲಿ ಸಂಸಾರ ಸಮೇತ ಸಭೆ ಸೇರಿತು. ವಾಷಿಂಗ್ ಮಷೀನಿನ ಮೇಲೆ ಕ್ಯಾಪ್ಟನ್ನಿನ ಮೈಸೂರು ಪೇಟ ಕಾದಿತ್ತು. ಬದರಿನಾಥ ತಲೆ ಬಾಚಿಕೊಂಡು ಬಂದಿದ್ದ. ಹಾರ್ಮೋನಿಯಂ ಅನ್ನು ಯಾರೋ ಜಾಗ್ರತೆಯಿಂದ ಮೂಲೆಗೆ ಸರಿಸಿದ್ದರು. ಚನ್ನಬಸಯ್ಯ ಪೇಟ ಎತ್ತಿಕೊಂಡು “ವಿರುಪಾಕ್ಷನ ಆರೋಗ್ಯದ ದೃಷ್ಟಿಯಿಂದ” ಎನ್ನುವಷ್ಟರಲ್ಲಿ ಪಲ್ಲವಿಯ ಫೋನ್ ಬಂದಿತು. ಮಧ್ಯಾಹ್ನ ಅಕ್ಕ ಕಳಿಸಿದ ರಿಪೋರ್ಟನ್ನು ಅವಳು ಆಗಷ್ಟೇ ನೋಡಿದ್ದಳು. ವಿರುಪಾಕ್ಷ ಸ್ಪೀಕರ್ ಹಾಕಿದ.

“ಮಾಮಾ, ಯಾಕ ಊರೆಲ್ಲ ಗದ್ದಲ ಮಾಡೀರಿ? ಅನ್‌ರಿಮಾರ್ಕಬಲ್ ಅಂದ್ರ ನಮ್ಮ ಭಾಷಾದಾಗ ಭಾಳ ಚಲೋ. ಷರಾ ಬರೆಯುವಂಥಾ ರೋಗ ಏನೂ ಕಾಣ್ಸಿಲ್ಲ ಅಂತ ಅರ್ಥ. ರಿಮಾರ್ಕಬಲ್ ಅಂತ ಬಂದಿದ್ರ ಆಗ ಹೆದರ್ಬೇಕಾಗಿತ್ತು.”

“ಮತ್ತ ಮಾಸ್?” ಎಂದರು ಚನ್ನಬಸಯ್ಯ.

“ಮಾಸ್ ಅಂದ್ರ ಗಡ್ಡಿ ರೀ. ಮೆದುಳನ್ನ ಯಾವ ಗಡ್ಡಿನೂ ಒತ್ತಾಕತ್ತಿಲ್ಲ. ಸೆಲ್ಲಾ ಅಂದ್ರ ಎಲುಬಿನಾಗ ಇರೋ ಸಣ್ಣ ಕುಣಿ, ಕುದುರಿ ಜೀನಿನಂಗ. ಭಾಳ ಮಂದಿಗೆ ಅದು ಅರ್ಧ ಖಾಲಿನ ಇರ್ತೈತಿ, ಬ್ಯಾರೆ ತ್ರಾಸಿಲ್ಲಂದ್ರ ಚಿಂತಿ ಬ್ಯಾಡ. ಮಾಮಾ ಉಸಿರು ತಗೊಳ್ಳದ ಮಾತಾಡ್ಯಾರ, ತಲಿ ತಿರುಗೈತಿ, ಅಷ್ಟ. ಪೇಶಂಟ್ ಬಂದ್ರು, ಇಡ್ತೀನಿ.”

ಗ್ಯಾರೇಜು ಚಪ್ಪಾಳೆ ತಟ್ಟಿತು. ಜಯಾಳೂ ತಟ್ಟಿದಳು, ಆಮೇಲೆ ಗಂಡನನ್ನು ನೋಡಿ ನಿಲ್ಲಿಸಿದಳು. ಪೇಟ ವಿರುಪಾಕ್ಷನ ತಲೆಗೆ ಏರಿತು. ಅಳತೆ ಹೇಳಿ ಮಾಡಿಸಿದಂತಿತ್ತು.

ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. ಮೌನದ ಪಕ್ಷದ ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡ.

“ಬಂಧುಗಳೇ, ಅನ್ಯಾಯ ಕಂಡಾಗ ಸುಮ್ಮನಿರೋ ಮನಷ್ಯಾ ನಾ ಅಲ್ಲ. ಆ ಸೆಂಟರಿನವರಿಗೆ ಬೆಳಿಗ್ಗೇನ ಒಂದು ಖಡಕ್ ಮೇಲ್ ಬರದೀನಿ. ಇಗೋ, ಉತ್ತರಾನೂ ಬಂದೈತಿ. ಅವರು ಹೆಂಗ ಬೆಪ್ಪಾಗ್ಯಾರ ನೀವ ಕೇಳ್ರಿ.”

ಮೊದಲು ತಾನು ಓದಿಕೊಳ್ಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಜೋರಾಗಿ, ಏರಿಳಿತ ಸಮೇತ ಓದಿದ. ಸೆಂಟರಿನವರು ಬಹಳ ವಿನಯದಿಂದ ಬರೆದಿದ್ದರು. ಮಾನ್ಯರ ಮನಸ್ಸಿಗೆ ನೋವಾದದ್ದಕ್ಕೆ ವಿಷಾದ. ಮಾನ್ಯರ ಒತ್ತಾಯದ ಮೇರೆಗೆ ‘ಅನ್‌ರಿಮಾರ್ಕಬಲ್’ ಎಂಬ ಪದವನ್ನು ರಿಪೋರ್ಟಿನಿಂದ ಹಿಂತೆಗೆದುಕೊಳ್ಳಲಾಗಿದೆ. ಹಿರಿಯ ವೈದ್ಯರು ರಜೆಯಿಂದ ಬಂದ ಮೇಲೆ ಮರುಪರಿಶೀಲನೆ.

ಚನ್ನಬಸಯ್ಯ ಬೆರಳು ಮಡಚಿದರು. “ಬೆಳಿಗ್ಗೆ ಅನ್‌ರಿಮಾರ್ಕಬಲ್ ಇತ್ತು. ಅದನ್ನ ತಗದಾರ. ಹಂಗಾದ್ರ ಈಗ ಏನು ಉಳೀತು?”

“ರಿಮಾರ್ಕಬಲ್,” ಎಂದ ಬದರಿನಾಥ, ಆ ಧ್ವನಿಗೆ ಸಾಧ್ಯವಾದಷ್ಟು ಮೃದುವಾಗಿ.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ವಿರುಪಾಕ್ಷ ಪಲ್ಲವಿಗೆ ಫೋನ್ ಹಚ್ಚಿದ. ಅವಳು ಎತ್ತಲಿಲ್ಲ.

“ಹೆದರಬ್ಯಾಡ ತಮ್ಮಾ,” ಎನ್ನುತ್ತ ಚನ್ನಬಸಯ್ಯ ಅವನ ತಲೆಯಿಂದ ಪೇಟ ತೆಗೆದರು, ಒಳಗಿನದು ಒಡೆದೀತು ಎಂಬಷ್ಟು ಹಗುರಾಗಿ. ಅದನ್ನು ಬದರಿನಾಥನಿಗೆ ತೊಡಿಸಿದರು. “ಮೆಲ್ಬರ್ನಿಗೆ ನಿನ್ನೂ ಕರ್ಕೊಂಡು ಹೋಗ್ತೀವಿ. ಮೌನ ಅಂದ್ರ ಹೆಂಗಿರ್ತೈತಿ ಅಂತ ಮಂದಿಗೆ ತೋರಿಸಾಕ ಒಬ್ಬರು ಬೇಕಲ್ಲ. ಸ್ಟೇಜ್ ನಡುವ ಕುರ್ಚಿ ಹಾಕ್ತೀವಿ, ಕುಂದ್ರು. ಬಾಯಿ ಮಾತ್ರ ತಗೀಬ್ಯಾಡ.”

ವಿರುಪಾಕ್ಷ ಕೆರಳಿ ಬಾಯಿ ತೆರೆದ. ಮಹಾಶ್ವೇತಾ ಅದರೊಳಗೆ ಒಂದು ಬಾದಾಮ್ ಬರ್ಫಿ ಇಟ್ಟಳು.