ಅತ್ತೆಯ ಮರದಲ್ಲಿ ಹರ್ಗಿಲಾ

ಐದು ವರ್ಷದ ಮಗಳು ಪಾಹಿಗೂ ಅವಳ ಗೆಳತಿಯರಿಗೂ ಒಂದೇ ಮಧ್ಯಾಹ್ನದಲ್ಲಿ ಹರ್ಗಿಲಾ ಹಕ್ಕಿಯ ಮೇಲೆ ಪ್ರೀತಿ ಹುಟ್ಟಿಸಿಬಿಡುತ್ತೇನೆಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಜೂನ್‌ಮೋನಿ ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುತ್ತಲೇ ಇದ್ದಳು.

"ಪಾಹಿ ಅಪ್ಪಾ, ಮೊದಲು ನಮ್ಮಮ್ಮನಿಗೆ ನಿಮ್ಮ ಮೇಲೆ ಪ್ರೀತಿ ಹುಟ್ಟಿಸಿ," ಅಂದಳು.

ನಾನು ಮನೆ ಅಳಿಯ. ಬ್ರಹ್ಮಪುತ್ರದ ದಂಡೆಯ ಈ ಮನೆ ಅತ್ತೆಯದು, ಹಿತ್ತಲು ಅತ್ತೆಯದು, ಹಿತ್ತಲಿನ ಕದಂಬ ಮರವೂ ಅತ್ತೆಯದು. ಮರದ ತುದಿಯಲ್ಲಿ ಗೂಡು ಕಟ್ಟಿದ ಹರ್ಗಿಲಾ ಮತ್ತು ಮರದ ಕೆಳಗೆ ಸಂಸಾರ ಹೂಡಿದ ನಾನು, ಇಬ್ಬರೇ ಹೊರಗಿನವರು. ಹರ್ಗಿಲಾ ಎಂದರೆ ಎದೆಮಟ್ಟದ ಕೊಕ್ಕರೆ; ಬೋಳು ತಲೆ, ಕತ್ತಿನಲ್ಲಿ ಜೋಲುವ ಚೀಲ. ಊರಾಚೆಯ ಕಸದ ಗುಡ್ಡೆಯಿಂದ ಮೀನು, ಮೂಳೆ ತಂದು ಮರಿಗಳಿಗೆ ಉಣಿಸಿ, ಮಿಕ್ಕಿದ್ದನ್ನು ಅತ್ತೆಯ ಮಗ್ಗದ ಚಪ್ಪರದ ಮೇಲೆ ಬೀಳಿಸುತ್ತದೆ. ಜೂನ್‌ಮೋನಿ ಮತ್ತೆ ಬಸುರಿ. ಈ ನಾತದಲ್ಲಿ ಬಾಣಂತನ ಆಗದು, ಬಸುರಿಗೆ ಪಂಚಾಮೃತ ಉಣಿಸುವ ಶಾಸ್ತ್ರ ಮುಗಿದ ಮಾರನೆಯ ದಿನವೇ ಮರ ಕಡಿಸುವುದೆಂದು ಅತ್ತೆ ತೀರ್ಮಾನಿಸಿದ್ದರು. ಕೊಡಲಿಯವನಿಗೆ ಹೇಳಿಯೂ ಆಗಿತ್ತು.

ನನ್ನ ಮಾತನ್ನು ತಳ್ಳಿಹಾಕುವುದು ಅತ್ತೆಗೆ ರೂಢಿ. ಮೊಮ್ಮಗಳ ಮಾತನ್ನು ತಳ್ಳಿಹಾಕಲಾರರು. ಆದ್ದರಿಂದ ಶಾಸ್ತ್ರದ ಹಿಂದಿನ ದಿನ ಮಕ್ಕಳನ್ನು ಮರದ ಕೆಳಗೆ ಕೂರಿಸಿಕೊಂಡು ಮಹೋಪನ್ಯಾಸಕ್ಕೆ ತೊಡಗಿದೆ.

"ಈ ಹಕ್ಕಿ ನೋಡೋಕೆ ಚೆನ್ನಾಗಿಲ್ಲ."

"ಹೌದು," ಅಂದವು ಮಕ್ಕಳು, ಒಕ್ಕೊರಲಿನಿಂದ.

"ಕೂತ ಜಾಗವೆಲ್ಲ ಗಲೀಜು ಮಾಡುತ್ತೆ. ಆದ್ರೂ ಬೈಬಾರದು, ಓಡಿಸಬಾರದು. ಯಾಕೆ? ಇವು ಉಳಿದಿರೋದೇ ಸ್ವಲ್ಪ. ಹೋದರೆ ಮತ್ತೆ ಸಿಗಲ್ಲ."

"ಮರಿ ಕೆಳಗೆ ಬಿದ್ರೆ?" ಪಾಹಿ ಕೇಳಿದಳು.

"ಅದಕ್ಕೇ ಗೂಡಿನ ಕೆಳಗೆ ಬಲೆ ಕಟ್ಟೋದು."

"ಬಲೆ ಎಲ್ಲಿ?"

ಹರಿದ ಬಲೆಯನ್ನು ಹೊಲಿಯಲೆಂದು ನಾನೇ ಬಿಚ್ಚಿ, ಕೊಟ್ಟಿಗೆಯಲ್ಲಿ ಹಾಕಿ, ಅದರ ಮೇಲೆ ಸೈಕಲ್ ನಿಲ್ಲಿಸಿದ್ದೆ.

"ನಾಳೆ ಕಟ್ಟೋಣ," ಅಂದೆ.

ಮರುದಿನ ಊರಿನ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದರು. ಜೂನ್‌ಮೋನಿ ಮಣೆಯ ಮೇಲೆ ಕೂತಳು. ಮಗಳಿಗೆ ಹೊದಿಸಲೆಂದು ಮಳೆಗಾಲವಿಡೀ ಕೂತು ತಾವೇ ನೇಯ್ದ ಬಿಳಿ ರೇಷ್ಮೆಯ ಚಾದರ ತರಲು ಅತ್ತೆ ಒಳಗೆ ಹೋದರು. ಪೆಟ್ಟಿಗೆ ಖಾಲಿ.

ಚಾದರ ಹಿತ್ತಲಿನಲ್ಲಿ ಸಿಕ್ಕಿತು. ಅವರೆಬಳ್ಳಿಗೆ ನೆಟ್ಟಿದ್ದ ಬಿದಿರುಗಳಿಗೆ ನಾಲ್ಕೂ ಮೂಲೆ ಬಿಗಿದು, ಗೂಡಿನ ನೇರ ಕೆಳಗೆ ಹರಡಲಾಗಿತ್ತು. ಸುತ್ತ ಮಕ್ಕಳ ಕಾವಲು. ರೇಷ್ಮೆಯ ನಡುವೆ ಆಗಲೇ ಒಂದು ಮೀನಿನ ತಲೆ ವಿರಾಜಿಸುತ್ತಿತ್ತು.

"ಏನೇ ಇದು?" ಅತ್ತೆ ಪಾಹಿಯನ್ನು ಕೇಳಿದರು.

"ಬಲೆ, ಅಜ್ಜಿ. ಅಪ್ಪ ನಾಳೆ ಅಂದ್ರು. ಮರಿಗೆ ನಾಳೆ ಅಂದ್ರೆ ಗೊತ್ತಾಗಲ್ವಲ್ಲ."

"ಕೊಡಲಿಯವನನ್ನ ಈಗಲೇ ಕರೀರಿ," ಅಂದರು ಅತ್ತೆ.

ಮೇಲೆ ಗೂಡಿನಲ್ಲಿ ಮರಿಗಳ ಕಿತ್ತಾಟ ಜೋರಾಯಿತು. ರೆಂಬೆ ಅಲುಗಿತು. ಕೋಳಿಗಿಂತ ದೊಡ್ಡದೊಂದು ಬೂದು ಮರಿ ಧೊಪ್ಪನೆ ಚಾದರಕ್ಕೆ ಬಿತ್ತು. ಬಿದಿರು ಬಾಗಿದವು. ಚಾದರ ಜಗ್ಗಿತು, ಹರಿಯಲಿಲ್ಲ. ಮರಿ ತಲೆಯೆತ್ತಿ ಅತ್ತೆಯನ್ನು ನೋಡಿ, ಬೆಳಗಿನ ಊಟವನ್ನು ರೇಷ್ಮೆಯ ಮೇಲೆ ಕಕ್ಕಿತು.

ಅತ್ತೆ ಬಗ್ಗಿ ಬಟ್ಟೆಯ ಅಡಿಗೆ ಕೈ ಹಾಕಿ ಎಳೆಗಳನ್ನು ಸವರಿದರು.

"ನೋಡ್ರೇ," ಅಂದರು ಹೆಂಗಸರಿಗೆ, ನಿಧಾನವಾಗಿ. "ಒಂದೆಳೆಯೂ ಕಿತ್ತಿಲ್ಲ."

"ನಿಮ್ಮ ಕೈ ನೇಯ್ಗೆ ಅಂದ್ರೆ ಸುಮ್ನೇನಾ?" ಅಂದಳು ಪಕ್ಕದ ಮನೆಯಾಕೆ.

"ಪಂಚಾಮೃತದ ಬಟ್ಟಲು ಇಲ್ಲಿಗೇ ತನ್ನಿ. ನನ್ನ ಮಗಳ ಚಾದರಕ್ಕೆ ಬಿದ್ದ ಮೇಲೆ ಇದೂ ಈ ಮನೆ ಕೂಸೇ. ಕೊಡಲಿಯವನಿಗೆ ಬರಬೇಡ ಅನ್ನಿ."

ನಾನು ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದೆ. ಪಾಠ ಕಲಿಸಿದವನು ನಾನಲ್ಲವೇ? ಅತ್ತೆ ಆಗ ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಬಲೆ ಕಟ್ಟೋಕೂ ಆಗದ ನಿಮ್ಮಂಥವರನ್ನ ಇಟ್ಕೊಂಡು..."

ಪಾಹಿ ಅವರ ಸೆರಗು ಜಗ್ಗಿದಳು. "ಅಜ್ಜಿ, ಬೈಬಾರದು. ನಮ್ಮನೇಲಿ ಅಪ್ಪ ಅಂತ ಇರೋದು ಇವರೊಬ್ಬರೇ. ಹೋದರೆ ಮತ್ತೆ ಸಿಗಲ್ಲ."

ಅತ್ತೆ ನನ್ನ ಬೋಳು ತಲೆಯನ್ನೊಮ್ಮೆ, ಮರದ ತುದಿಯನ್ನೊಮ್ಮೆ ನೋಡಿದರು.

"ಇರಲಿ ಬಿಡು," ಅಂದರು. "ಎರಡೂ ಇರಲಿ."