ಅವ್ವನ ಬಚ್ಚಲಿಗೆ ನಾನು ಹಾಕಿದ ಹಿಡಿಕೆ

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನಿಗೆ, ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಕೂರಿಸಲು ಇನ್ನೊಬ್ಬರ ಹಂಗು ಬೇಕೆ? ಬೇಡ ಎಂದು ನಾನು ತೀರ್ಮಾನಿಸಿದೆ. ಸನ್ನೆಗೋಲು, ಭಾರ, ಬಲ ಎಲ್ಲವೂ ನನಗೆ ಬಾಯಿಪಾಠ. ಗೋಡೆಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ನಮ್ಮ ಮನೆಯಲ್ಲಿ ಯಾವ ರಿಪೇರಿ ನನ್ನದು, ಯಾವುದು ಕೆಲಸದವರದು ಎಂಬುದಕ್ಕೆ ನನ್ನ ಹೆಂಡತಿ ಗಿರಿಜ ಒಂದು ಕಾನೂನು ಮಾಡಿದ್ದಾಳೆ. ನಾನು ರಿಪೇರಿ ಮಾಡಿದ ಕಾಲಿಂಗ್ ಬೆಲ್, ಬಂದವರು ಒತ್ತಿದಾಗ ಸುಮ್ಮನಿದ್ದು, ಮಿಕ್ಸಿ ಹಾಕಿದಾಗ ಮಾತ್ರ ಬಡಿದುಕೊಳ್ಳಲು ಶುರು ಮಾಡಿದ ಮೇಲೆ ಜಾರಿಗೆ ಬಂದ ಕಾನೂನು ಅದು. “ಕೆಟ್ರೆ ನಗು ಬರೋ ಕೆಲಸ ನೀವು ಮಾಡ್ರಿ. ಕೆಟ್ರೆ ಅಳು ಬರೋ ಕೆಲಸ ಮೇಸ್ತ್ರಿಗೆ ಬಿಡ್ರಿ.” ಹೀಗಾಗಿ ಬಲ್ಬು, ನಲ್ಲಿಯ ವಾಷರ್, ಕ್ಯಾಲೆಂಡರಿನ ಮೊಳೆ ನನ್ನ ಪಾಲಿಗೆ ಬಂದವು. ಕ್ಯಾಲೆಂಡರಿನ ಮೊಳೆಯ ಬಗ್ಗೆ ಅವಳಿಗೆ ಇವತ್ತಿಗೂ ಪೂರ್ತಿ ನಂಬಿಕೆಯಿಲ್ಲ.

ಎಂಬತ್ತರ ಹತ್ತಿರದ ನಮ್ಮ ಅವ್ವ ಹೊನ್ನಾಳಿಯ ಈ ಮನೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಅವಳ ಸೊಂಟದ ಮೂಳೆ ಮುರಿಯಿತು. ದಾವಣಗೆರೆಯಲ್ಲಿ ಆಪರೇಷನ್ ಆಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಬಚ್ಚಲಿಗೆ ಹಿಡಿಕೆ ಹಾಕಿಸ್ರಿ. ಇನ್ನೊಂದು ಸಲ ಬಿದ್ರೆ ಇವರು ಮತ್ತೆ ಏಳೋದು ಕಷ್ಟ” ಎಂದರು. ನಾನು ಅವತ್ತೇ ಹಿಡಿಕೆ ಕೊಂಡೆ. ಕೊಂಡು ಸ್ಕೂಟರಿನ ಡಿಕ್ಕಿಯಲ್ಲಿ ಎಂಟು ದಿನ ಇಟ್ಟುಕೊಂಡು ತಿರುಗಿದೆ. ಹಾಕಿಸಿದರಾಯಿತು, ಅದೇನು ಮಹಾ ಎಂಬ ಧೋರಣೆ.

ಡಿಸ್ಚಾರ್ಜ್ ಆದ ದಿನ ಅಮಾವಾಸ್ಯೆ. “ಅಮಾಸಿ ದಿನ ಆಸ್ಪತ್ರೆಯಿಂದ ಮನೆಗೆ ಬರಾಕೆ ನನಗೇನು ತಲೆ ಕೆಟ್ಟೈತಾ?” ಎಂದು ಅವ್ವ ಹಾಸಿಗೆ ಬಿಟ್ಟು ಏಳಲಿಲ್ಲ. ಗಿರಿಜ ಅವಳ ಜೊತೆ ಇನ್ನೊಂದು ದಿನ ಅಲ್ಲೇ ಉಳಿದಳು. ನನಗೆ ಹಿಡಿಕೆಯ ನೆನಪಾಗಿ, ನಮ್ಮ ಮನೆ ಕಟ್ಟಿದ ಸಾಸ್ವೆಹಳ್ಳಿಯ ದಸ್ತಗೀರ್ ಮೇಸ್ತ್ರಿಗೆ ಫೋನು ಮಾಡಿದೆ.

“ಇವತ್ತು ಅಮಾಸಿ ಐತಲ್ರೀ ಮೇಷ್ಟ್ರೇ. ಅಮಾಸಿ ದಿನ ನಾವು ಕರಣೆ ಮುಟ್ಟಲ್ಲ. ನಾಳೆ ಬೆಳಿಗ್ಗೆ ಬಂದು ಕೂರಿಸ್ತೀನಿ. ಸಿಮೆಂಟ್ ಹಿಡಿಯಾಕೆ ಮೂರು ದಿನ ಬಿಡ್ರಿ, ಅಲ್ಲೀತನಕ ಅಮ್ಮಾರ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ರಿ.”

“ಏನ್ರೀ ಮೇಸ್ತ್ರಿ, ನೀವು ಅಮಾವಾಸ್ಯೆ ಮಾಡ್ತೀರಾ?”

“ಅಮಾಸಿ ನಿಮ್ದೇ ರೀ. ನೀವು ಬಿಟ್ಟಿದ್ದಕ್ಕೆ ನಾವು ಇಟ್ಕೊಂಡೀವಿ.”

ಈ ಮಾತು ನನ್ನ ವೈಜ್ಞಾನಿಕ ಮನೋಭಾವಕ್ಕೆ ಚುಚ್ಚಿತು. ನಾಲ್ಕು ತೂತು, ನಾಲ್ಕು ಸ್ಕ್ರೂ. ಇದಕ್ಕೆ ಪಂಚಾಂಗ ಬೇರೆ. “ಬೇಡ ಬಿಡ್ರಿ, ನಾನೇ ಹಾಕ್ಕೊಳ್ತೀನಿ” ಎಂದೆ. ಮೇಸ್ತ್ರಿ, “ಗೋಡೆಯೊಳಗೆ ಪೈಪ್ ಐತೆ, ನೋಡ್ಕೊಂಡು” ಎಂದರು. ಎಲ್ಲಿದೆ ಎಂದು ಕೇಳುವುದು ನನ್ನ ಘನತೆಗೆ ತಕ್ಕದ್ದಾಗಿರಲಿಲ್ಲ.

ಪಕ್ಕದ ಮನೆಯಿಂದ ಡ್ರಿಲ್ಲಿಂಗ್ ಮಷಿನ್ ತಂದು ಶುಭಾರಂಭ ಮಾಡಿದೆ. ಮೊದಲ ತೂತಿಗೆ ಟೈಲ್ಸ್ ಮೂಲೆಯಿಂದ ಮೂಲೆಗೆ ಸೀಳಿತು. ಎರಡನೇ ತೂತಿಗೆ ಗೋಡೆಯೊಳಗಿನ ಪೈಪು ಸಿಕ್ಕಿತು. ಅದು ಎಲ್ಲಿದೆ ಎಂದು ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ. ನೀರು ನೇರ ನನ್ನ ಕನ್ನಡಕಕ್ಕೆ ಹೊಡೆಯಿತು. ಒಂದು ಕೈಯಲ್ಲಿ ಕರೆಂಟಿನ ಮಷಿನ್, ಎದುರಿಗೆ ನೀರು. ಇಂಥ ಪರಿಸ್ಥಿತಿಯಲ್ಲಿ ಏನು ಮಾಡಬಾರದು ಎಂದು ಒಂಬತ್ತನೇ ತರಗತಿಗೆ ಪ್ರತಿ ವರ್ಷವೂ ಹೇಳುತ್ತೇನೆ. ಎಲ್ಲವನ್ನೂ ಮಾಡಿದೆ. ಬದುಕಿದ್ದು ಅವ್ವನ ಪುಣ್ಯ.

ಟೆರೇಸಿಗೆ ಓಡಿ ಟ್ಯಾಂಕಿನ ವಾಲ್ವ್ ತಿರುಗಿಸಿದೆ. ವಾಲ್ವಿನ ಚಕ್ರ ಕೈಗೆ ಬಂತು. ಟ್ಯಾಂಕು ತಾನಾಗಿ ಖಾಲಿಯಾಗುವವರೆಗೆ ನಾನು ಬಚ್ಚಲ ಗೋಡೆಯ ತೂತಿಗೆ ಹೆಬ್ಬೆರಳು ಒತ್ತಿ ನಿಂತಿದ್ದೆ. ಆ ಹೊತ್ತಿಗೆ ಗಿರಿಜಳ ಫೋನು ಬಂತು. ಎಡಗೈಯಲ್ಲಿ ಎತ್ತಿಕೊಂಡೆ.

“ಮೇಸ್ತ್ರಿ ಬಂದಿದ್ರಾ?”

“ಕೆಲಸ ನಡೀತಾ ಐತೆ.”

“ಅದೇನು ನೀರಿನ ಸದ್ದು?”

“ತೊಳೀತಾ ಇದ್ದೀನಿ.”

ಸುಳ್ಳಲ್ಲ. ಇಡೀ ಮನೆಯೇ ತೊಳೆದುಹೋಗಿತ್ತು.

ಹಿತ್ತಿಲಲ್ಲಿ ಹಳೇ ಚಪ್ಪರದ, ಅಡಿಕೆ ಮರ ಸೀಳಿದ ದಬ್ಬೆ ಬಿದ್ದಿತ್ತು. ನಮ್ಮ ಕಡೆ ದಬ್ಬೆಯಿಂದ ಆಗದ ಕೆಲಸವಿಲ್ಲ. ಅದರಿಂದ ಒಂದು ಬೆಣೆ ಕೆತ್ತಿ ಪೈಪಿನ ತೂತಿಗೆ ಬಡಿದು, ಮೇಲೆ ಎಂ-ಸೀಲ್ ಮೆತ್ತಿದೆ. ಸಂಜೆ ನಲ್ಲಿ ನೀರು ಬಿಟ್ಟಾಗ ಟ್ಯಾಂಕಿಗೆ ಏರಿಸಿ ನೋಡಿದರೆ, ಒಂದು ಹನಿಯೂ ಸೋರಲಿಲ್ಲ. ನನ್ನ ಎದೆ ಉಬ್ಬಿತು. ನೀರನ್ನೇ ತಡೆದ ದಬ್ಬೆ ಒಂದು ಹಿಡಿಕೆಯನ್ನು ತಡೆಯದೇ? ಹಿಡಿಕೆಯನ್ನು ನಾಲ್ಕು ಬೆರಳು ಕೆಳಗಿಳಿಸಿ ಹೊಸ ತೂತು ಕೊರೆದೆ. ಮತ್ತೊಂದು ಪೈಪು ಸಿಕ್ಕೀತೆಂಬ ಭಯಕ್ಕೆ ತೀರಾ ಆಳಕ್ಕೆ ಹೋಗಲಿಲ್ಲ. ದಬ್ಬೆಯ ಬೆಣೆ ಬಡಿದು, ಸ್ಕ್ರೂ ತಿರುಗಿಸಿ, ಕೊನೆಗೆ ಹಿಡಿಕೆಗೆ ನಾನೇ ಜೋತುಬಿದ್ದೆ. ಎಪ್ಪತ್ತು ಕಿಲೋ ಹೊತ್ತು ಅದು ಅಲುಗಾಡಲಿಲ್ಲ. ಮೇಸ್ತ್ರಿಗೆ ಫೋನು ಮಾಡಿ, “ನಾಳೆ ಬರೋದು ಬೇಡ” ಎಂದು ಹೇಳಿದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಕರುಣೆಯೂ ಇತ್ತು.

ಅವ್ವ ಮರುದಿನ ಬಂದಳು. ಅದರ ಮಾರನೇ ಬೆಳಿಗ್ಗೆ ಮೊದಲ ಸ್ನಾನ. ಸ್ಟೂಲಿನ ಮೇಲೆ ಕೂತು ನೀರು ಹಾಕಿಸಿಕೊಂಡಳು. ಏಳುವಾಗ ಬಾಗಿಲಾಚೆಯಿಂದ ನಾನೇ ಹೇಳಿದೆ, “ಹಿಡಿಕೆ ಹಿಡ್ಕೋ ಅವ್ವ, ಗಟ್ಟಿ ಐತೆ.”

ಜೋತುಬೀಳುವವನು ಕೆಳಕ್ಕೆ ಎಳೆಯುತ್ತಾನೆ. ಕೂತ ಮುದುಕಿ ಏಳುವಾಗ ಹಿಡಿಕೆಯನ್ನು ತನ್ನ ಕಡೆಗೆ ಎಳೆಯುತ್ತಾಳೆ. ಬಲಕ್ಕೆ ದಿಕ್ಕೂ ಇರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಹಾಕಿ ತೋರಿಸುವವನು ನಾನು. ಹಿಡಿಕೆ, ಬೆಣೆ, ಟೈಲ್ಸು ಎಲ್ಲ ಒಟ್ಟಿಗೆ ಕಿತ್ತುಬಂದವು. ಅವ್ವ ಹಿಂದಕ್ಕೆ ಬಿದ್ದಳು. ಹಿಂದೆ ಗಿರಿಜ ನಿಂತಿದ್ದಳು, ಸೀಳಿದ ಟೈಲ್ಸ್ ನೋಡಿದಾಗಲೇ ತನ್ನ ಕಾನೂನು ಮುರಿದಿದೆ ಎಂದು ಅನುಮಾನಿಸಿದವಳು. ಅವ್ವ ಅವಳ ಮೇಲೆ, ಅವಳು ತನ್ನ ಬಲಗೈ ಮೇಲೆ.

ದಾವಣಗೆರೆಯ ಅದೇ ಡಾಕ್ಟರು ನಮ್ಮನ್ನು ನೋಡಿ, “ಈ ಸಲ ಯಾರು?” ಎಂದರು. ಅವ್ವನಿಗೆ ಏನೂ ಆಗಿರಲಿಲ್ಲ. ಗಿರಿಜಳ ಮಣಿಕಟ್ಟು ಮುರಿದಿತ್ತು. ಎಕ್ಸ್‌ರೇ ಬರುವ ತನಕ ನಾನು ಕಾರಿಡಾರಿನಲ್ಲಿ ಕೂತಿದ್ದೆ. ಅವ್ವ ಸತ್ತೇ ಹೋಗಿದ್ದರೆ ಎಂಬ ಒಂದೇ ಯೋಚನೆ. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಗಿರಿಜ ಬೈಯಲಿಲ್ಲ. “ಇದು ನಗು ಬರೋ ಕೆಲಸ ಏನ್ರೀ?” ಎಂದು ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ನಿಜವಾದ ಅನಾಹುತ ಆಮೇಲೆ ಶುರುವಾಯಿತು. ಅವ್ವ ಹಾಸಿಗೆಯಿಂದ ಇಳಿಯಲೇ ಇಲ್ಲ. ಬಚ್ಚಲ ಹೆಸರೆತ್ತಿದರೆ ಮಂಚದ ಪಟ್ಟಿ ಹಿಡಿದುಕೊಳ್ಳುವಳು. “ನಾನು ಇಲ್ಲೇ ಇರ್ತೀನಿ ಬಿಡ್ರಪ್ಪ.” ನಡೆಯದಿದ್ದರೆ ಕಾಲು ಹೋಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಗದರಿದರು. ನಾನು ಕಾಲು ಹಿಡಿದು ಬೇಡಿಕೊಂಡೆ. “ನಿನ್ನ ಮಾತು ಕೇಳೇ ಬಿದ್ದೆ” ಎಂದಳು.

ಮಾನ ಬಿಟ್ಟು ಮೇಸ್ತ್ರಿಗೆ ಫೋನು ಮಾಡಿದೆ. ದಸ್ತಗೀರ್ ಮೇಸ್ತ್ರಿ ಬಂದು ನನ್ನ ತೂತುಗಳಿಗೆ ಬೆರಳು ಹಾಕಿ ನೋಡಿದರು. “ಇಟ್ಟಿಗೆಗೆ ಮುಟ್ಟೇ ಇಲ್ಲ ಮೇಷ್ಟ್ರೇ. ಬರೀ ಟೈಲ್ಸಿಗೆ ಕಚ್ಕೊಂಡಿತ್ತು” ಎಂದವರು ಇನ್ನೇನೂ ಹೇಳದೆ ಪೈಪು ಬದಲಿಸಿ, ಹಿಡಿಕೆ ಕೂರಿಸಿ ಹೋದರು. ಮೂರು ದಿನ ಬಿಟ್ಟು ಮತ್ತೆ ಬಂದು, ಅವ್ವನನ್ನು ಕುರ್ಚಿ ಸಮೇತ ಬಚ್ಚಲ ಬಾಗಿಲಿಗೆ ತರಿಸಿದರು. ತೊಂಬತ್ತು ಕಿಲೋ ಮನುಷ್ಯ ಗೋಡೆಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಹಿಡಿಕೆಯನ್ನು ತಮ್ಮ ಕಡೆಗೆ ಎಳೆದರು. ಮುಖ ಕೆಂಪಾಗುವ ತನಕ ಎಳೆದರು.

“ನೋಡ್ರಿ ಅಮ್ಮಾರೇ. ಮನೆ ಬಿದ್ರೂ ಇದು ಇರ್ತೈತೆ.”

ಅವ್ವ ಹಿಡಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಇವನು ಮುಟ್ಟಿಲ್ಲ ತಾನೆ?”

“ಹತ್ರನೂ ಬಿಟ್ಟಿಲ್ಲ ರೀ.”

ಅವ್ವ ಕೈ ಚಾಚಿ ಹಿಡಿದು ಎದ್ದು ನಿಂತಳು. ನನ್ನ ಕಣ್ಣು ಒದ್ದೆಯಾಯಿತು. ಅದು ಯಾರಿಗೂ ಬೇಕಾಗಿರಲಿಲ್ಲ.

ಅವ್ವ ಈಗ ನಡೆಯುತ್ತಾಳೆ. ಆದರೆ ಮನೆಯಲ್ಲಿ ಏನನ್ನೇ ಹಿಡಿಯುವ ಮೊದಲು, ಕುರ್ಚಿಯಿರಲಿ, ಕಿಟಕಿಯ ಚಿಲಕವಿರಲಿ, “ಇದು ಯಾರು ಮಾಡಿದ್ದು?” ಎಂದು ಕೇಳುತ್ತಾಳೆ. ಗಿರಿಜಳ ಕೈ ಕೂಡುವ ತನಕ ಅಡುಗೆ ನನ್ನದೇ. ನಿನ್ನೆ ತಟ್ಟೆಗೆ ರೊಟ್ಟಿ ಹಾಕಿ ಅವ್ವನ ಮುಂದಿಟ್ಟೆ. ಅವಳು ಮುಟ್ಟದೆ ಗಿರಿಜಳ ಕಡೆ ತಿರುಗಿದಳು.

“ಇದು ಯಾರು ಮಾಡಿದ್ದು?”

ಗಿರಿಜ ಪ್ಲಾಸ್ಟರ್ ಹಾಕಿದ ಕೈ ಎತ್ತಿ ತೋರಿಸಿದಳು. ಅವ್ವ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿ, “ಮೊದಲು ನೀನು ತಿನ್ನು” ಎಂದಳು.